ಹಿಡಿದ ಭುಜಕ್ಕೆ ಯಾವುದು ಒಳ್ಳೆಯದು: ಫಿಸಿಯೋ ಎತ್ತಿದ ಕೈಯೋ, ನಾವೇ ಎತ್ತಿದ ಕೈಯೋ?

ಫ್ರೋಜನ್ ಶೋಲ್ಡರ್ ಆಯಿತು ಅಂದರೆ ಸಾಕು, ಸಲಹೆ ಕೊಡುವವರು ಎರಡು ಪಕ್ಷವಾಗುತ್ತಾರೆ. "ಫಿಸಿಯೋ ಹತ್ರ ಹೋಗಿ, ಎಳೆದು ಸರಿ ಮಾಡ್ತಾರೆ" ಅನ್ನುವವರು ಕೆಲವರು. "ಅದಕ್ಕೆಲ್ಲ ಯಾಕೆ ದುಡ್ಡು, ಮನೇಲೇ ಗೋಡೆ ಮೇಲೆ ಬೆರಳು ಹತ್ತಿಸಿ" ಅನ್ನುವವರು ಉಳಿದವರು. ನನ್ನ ಎಡ ಭುಜಕ್ಕೆ ಎರಡೂ ಆಗಿದೆ. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಇವೆರಡರ ನಡುವಿನದು.

ನಮ್ಮ ಸ್ನಾಯು ಸುಮ್ನೆ ಇದ್ದು, ಬೇರೆಯವರೋ ಯಂತ್ರವೋ ಕೀಲನ್ನು ಆಡಿಸಿದರೆ ಅದು ಪ್ಯಾಸಿವ್. ನಮ್ಮದೇ ಸ್ನಾಯು ದುಡಿದರೆ ಆಕ್ಟಿವ್. ಈ ಕಾಯಿಲೆಯಲ್ಲಿ ಭುಜದ ಕೀಲನ್ನು ಸುತ್ತಿರುವ ಪೊರೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಹಾಗಾಗಿ ನಾವು ಎತ್ತಲಿ, ಬೇರೆಯವರು ಎತ್ತಲಿ, ಕೈ ಹೆಚ್ಚುಕಡಿಮೆ ಒಂದೇ ಕಡೆ ನಿಂತುಬಿಡುತ್ತದೆ. ಡಾಕ್ಟರು ಮೊದಲೇ ಎರಡೂ ರೀತಿ ಎತ್ತಿಸಿ ನೋಡುವುದು ಇದಕ್ಕೇ. ಅವರು ಎತ್ತಿದರೆ ಪೂರ್ತಿ ಹೋಗಿ, ನಾವು ಎತ್ತಿದಾಗ ಮಾತ್ರ ಹೋಗದಿದ್ದರೆ ಸ್ನಾಯುವಿನ ಹುರಿ ಹರಿದಿರಬಹುದು, ಇಲ್ಲವೇ ನರದ ತೊಂದರೆ ಇರಬಹುದು. ನನ್ನದು ಎರಡೂ ರೀತಿಯಲ್ಲಿ ನಿಂತಿತು. ಸಕ್ಕರೆ ಕಾಯಿಲೆ ಇದೆ, ವಯಸ್ಸು ಐವತ್ತರ ಆಸುಪಾಸು. ಈ ಕಾಯಿಲೆ ಹುಡುಕಿಕೊಂಡು ಬರುವುದೇ ನನ್ನಂಥವರನ್ನು.

ಪ್ಯಾಸಿವ್‌ನ ದೊಡ್ಡ ಗುಣ ಏನೆಂದರೆ ಅಲ್ಲಿ ಮೋಸ ನಡೆಯುವುದಿಲ್ಲ. ನಾವೇ ಕೈ ಎತ್ತುವಾಗ ಗೊತ್ತಿಲ್ಲದೆ ಇಡೀ ಹೆಗಲನ್ನೇ ಕಿವಿಯ ಕಡೆ ಎತ್ತಿ, ಬೆನ್ನು ಬಾಗಿಸಿ, "ಅಬ್ಬಾ, ಇಷ್ಟು ಮೇಲೆ ಹೋಯ್ತು" ಅಂತ ಖುಷಿಪಡುತ್ತೇವೆ. ಫಿಸಿಯೋ ಹಾಸಿಗೆ ಮೇಲೆ ಮಲಗಿಸಿ, ಒಂದು ಕೈಯಲ್ಲಿ ಹೆಗಲ ಮೂಳೆ ಒತ್ತಿ ಹಿಡಿದು, ಇನ್ನೊಂದರಲ್ಲಿ ತೋಳು ಎತ್ತಿದಾಗ ನಿಜವಾದ ಲೆಕ್ಕ ಸಿಗುತ್ತದೆ. ಅವರು ತೋಳಿನ ಮೂಳೆಯ ತಲೆಯನ್ನು ಮೆಲ್ಲಗೆ ಕೆಳಕ್ಕೆ, ಹಿಂದಕ್ಕೆ ಜಾರಿಸುತ್ತಾರಲ್ಲ, ಅದನ್ನು ನಮ್ಮಷ್ಟಕ್ಕೆ ನಾವು ಮಾಡಿಕೊಳ್ಳಲು ಆಗುವುದೇ ಇಲ್ಲ. ಆ ಸಿಟ್ಟಿಂಗ್ ಮುಗಿಸಿ ಎದ್ದಾಗ ಕೈ ಹಗುರ ಅನಿಸುತ್ತಿತ್ತು. ಆದರೆ ಸಂಜೆಯವರೆಗೆ ಆ ಕೈಯನ್ನು ಬಳಸದೆ ಕೂತರೆ ಮರುದಿನ ಮತ್ತೆ ಅದೇ ಕಥೆ.

ಯಂತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಾಖ, ಜುಮುಗುಟ್ಟುವ ಕರೆಂಟು, ಅಲ್ಟ್ರಾಸೌಂಡ್ ಎಲ್ಲ ಆಯಿತು. ನೋವು ಕೆಲವು ಗಂಟೆ ತಗ್ಗಿತು, ಕೈ ಒಂದಿಂಚೂ ಹೆಚ್ಚಿಗೆ ಏಳಲಿಲ್ಲ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕಡಿಮೆಯಾಗಿರುವವರು ಶಾಖದ ಬಿಸಿ ಎಷ್ಟಿದೆ ಅಂತ ಬೇರೆಯವರಿಂದ ನೋಡಿಸಿಕೊಳ್ಳಬೇಕು. ಸುಟ್ಟರೂ ಗೊತ್ತಾಗುವುದಿಲ್ಲ.

ಇನ್ನು ಎಳೆತದ ವಿಷಯ. ಒಂದು ಕಡೆ ನನ್ನ ಕೈಯನ್ನು "ಸ್ವಲ್ಪ ತಡ್ಕೊಳ್ಳಿ ಅಕ್ಕ" ಅನ್ನುತ್ತಲೇ ಜಗ್ಗಿಬಿಟ್ಟರು. ರಾತ್ರಿಯಿಡೀ ನಿದ್ದೆಯಿಲ್ಲ. ಮೊದಲ ಹಂತದಲ್ಲಿ, ಅಂದರೆ ಆ ಮಗ್ಗುಲಿಗೆ ಮಲಗಲೂ ಆಗದಷ್ಟು ನೋವಿರುವಾಗ, ಹೀಗೆ ಎಳೆಸಿಕೊಳ್ಳುವುದು ಬೇಡವೇ ಬೇಡ. ಇದು ನನ್ನೊಬ್ಬಳ ಅನುಭವ ಅಲ್ಲ. ನೆದರ್ಲೆಂಡ್ಸ್‌ನಲ್ಲಿ 77 ಮಂದಿಯನ್ನು ಎರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನೋವಿನ ಗಡಿ ದಾಟಿಸಿ ಎಳೆಸಿಕೊಂಡವರಲ್ಲಿ ಭುಜ ಹೆಚ್ಚುಕಡಿಮೆ ಮೊದಲಿನಂತಾದವರು ನೂರಕ್ಕೆ 63. ನೋವಿಲ್ಲದಷ್ಟೇ ಆಡಿಸಿಕೊಂಡವರಲ್ಲಿ 89.

ಹಾಗಾದರೆ ಬರೀ ಆಕ್ಟಿವ್ ಸಾಕಾ? ಅದೂ ಅಲ್ಲ. ಭುಜ ಪೂರ್ತಿ ಹಿಡಿದಿದ್ದಾಗ ನಾನು ಗೋಡೆ ಹತ್ತಿಸಿದ್ದೆಲ್ಲ ಹೆಗಲು ಎತ್ತುವ ಆಟವೇ ಆಗಿತ್ತು. ಕುತ್ತಿಗೆ ನೋವು ಬೇರೆ ಬಂತು. ಆಕ್ಟಿವ್‌ನ ಬೆಲೆ ತಿಳಿದದ್ದು ಆಮೇಲೆ, ಬಿಗಿತ ಸಡಿಲವಾಗಲು ಶುರುವಾದ ಮೇಲೆ. ತಿಂಗಳುಗಟ್ಟಲೆ ಬಳಸದ ತೋಳು ಸೊರಗಿರುತ್ತದೆ. ಕೈ ಮೇಲೇನೋ ಹೋಗುತ್ತದೆ, ಅಲ್ಲಿ ನಿಲ್ಲಲು ತ್ರಾಣವಿಲ್ಲ. ಬೇರೆಯವರು ಎಷ್ಟು ಎತ್ತಿದರೂ ಆ ತ್ರಾಣ ಬರುವುದಿಲ್ಲ. ಮೊಣಕೈ ಮಡಚಿ ಗೋಡೆಗೆ ಒತ್ತುವುದು, ಆಮೇಲೆ ರಬ್ಬರ್ ಪಟ್ಟಿ ಎಳೆಯುವುದು, ಇವೇ ಬೇಕಾದವು. ಮೇಲಿನ ಶೆಲ್ಫಿನಿಂದ ಡಬ್ಬ ಇಳಿಸಲು ಆದದ್ದು ಪಟ್ಟಿಯಿಂದ.

ಇನ್ನು ನಡುವಿನದು. ಒಳ್ಳೆಯ ಕೈ ದುಡಿಯುತ್ತದೆ, ಕೆಟ್ಟ ಕೈ ಅರ್ಧಂಬರ್ಧ ಸಹಾಯ ಮಾಡುತ್ತದೆ. ಬಾಗಿಲಿಗೆ ಸಿಕ್ಕಿಸುವ ರಾಟೆ ಹಗ್ಗ, ಮಾಪ್‌ನ ಕೋಲು, ಬೆನ್ನ ಹಿಂದೆ ಟವೆಲ್. ಕಾರಿನ ಬ್ರೇಕ್ ನಮ್ಮ ಕಾಲಡಿಯೇ ಇದ್ದ ಹಾಗೆ: ನೋವು ಬಂದ ಕ್ಷಣವೇ ನಿಲ್ಲಿಸಬಹುದು, ಹಾಗಾಗಿ ಹೆದರಿಕೆಯಿಂದ ಸ್ನಾಯು ಬಿಗಿಯುವುದಿಲ್ಲ. ನನ್ನ ಓಟು ಕೋಲಿಗೆ. ಮಲಗಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕೋಲಿನಿಂದ ಮುಂಗೈಯನ್ನು ಹೊರಕ್ಕೆ ತಳ್ಳುವುದು. ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು ಹೀಗೆ ಹೊರಕ್ಕೆ ತಿರುಗುವ ಚಲನೆಯೇ. ಜಡೆ ಹಾಕಿಕೊಳ್ಳಲು ಬೇಕಾದದ್ದೂ ಅದೇ. ರಾಟೆ ನೋಡಲು ಚೆಂದ, ಆದರೆ ಅಲ್ಲೂ ಹೆಗಲು ಎತ್ತುವ ಮೋಸ ಸುಲಭ.

ಮೇಜು ಹಿಡಿದು ಬಗ್ಗಿ ಕೈ ತೂಗಾಡಿಸುವ ವ್ಯಾಯಾಮ ಇದೆಯಲ್ವಾ, ಅಮೆರಿಕದ ಸರ್ಜನ್ ಕಾಡ್‌ಮನ್ ಹೆಸರಿನದು? 1934ರಲ್ಲಿ ಕಾಯಿಲೆಗೆ ಫ್ರೋಜನ್ ಶೋಲ್ಡರ್ ಎಂಬ ಹೆಸರು ಕೊಟ್ಟವರೂ ಅವರೇ. ಅದನ್ನು ಬಹಳ ಜನ ತೋಳಿನ ಬಲದಿಂದ ಗಿರಗಿರ ತಿರುಗಿಸುತ್ತಾರೆ. ಆಡಬೇಕಾದದ್ದು ಸೊಂಟ. ತೋಳು ಸುಮ್ನೆ ಜೋತಾಡಬೇಕು. ತೀರಾ ನೋವಿರುವಾಗ ನನಗೆ ತಡೆದುಕೊಳ್ಳಲು ಆದದ್ದು ಇದೊಂದೇ.

ಇವತ್ತು ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ. ಫಿಸಿಯೋಗೆ ಕೊಡುವ ದುಡ್ಡನ್ನು ಯಂತ್ರಕ್ಕಲ್ಲ, ಅವರ ಕೈಗೆ ಕೊಡಿ. ವಾರಕ್ಕೊಮ್ಮೆ ಆದರೂ ಸಾಕು. ಮನೆಗೆ ಬಂದು ಅದೇ ದಿನ ಕೋಲು ಹಿಡಿಯಿರಿ. ರಬ್ಬರ್ ಪಟ್ಟಿಗೆ ಅವಸರ ಬೇಡ. ಪಾರ್ಶ್ವವಾಯು ಆಗಿ ಕೈಗೆ ಬಲವೇ ಇಲ್ಲದವರಿಗೆ, ಭುಜದ ಹುರಿ ಹೊಲಿಸಿಕೊಂಡು ಆಪರೇಷನ್ ಆದವರಿಗೆ ಮಾತ್ರ ಈ ಲೆಕ್ಕ ಯಾವುದೂ ಹಿಡಿಯುವುದಿಲ್ಲ. ಹೊಲಿಗೆ ಕೂಡುವವರೆಗೆ ಸಾಮಾನ್ಯವಾಗಿ ಕೆಲವು ವಾರ ತಾವಾಗಿ ಕೈ ಎತ್ತಲೇಬಾರದು ಅಂತ ಸರ್ಜನ್ ಹೇಳಿರುತ್ತಾರೆ. ಅಂಥವರು ಪಕ್ಕದ ಮನೆಯವರ ಕೋಲು ನೋಡಿ ಶುರುಮಾಡಬೇಡಿ.