ದಾಲ್ ಮಿಲ್ಲಿಗೆ ಬ್ಯಾಗ್ ಫಿಲ್ಟರ್: ಪೆಟ್ಟಿಗೆ ಗಟ್ಟಿ, ಪೈಪಿನ ಕೆಲಸ ಕಚ್ಚಾ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ದಾಲ್ ಮಿಲ್ಲಿಗೆ ಹೋದ ವರ್ಷ ಹೊಸ ತೊಗರಿಯ ಆವಕ ಆರಂಭವಾಗುವ ಮುನ್ನ ಪಲ್ಸ್ ಜೆಟ್ ಮಾದರಿಯ ಬ್ಯಾಗ್ ಫಿಲ್ಟರೊಂದನ್ನು, ಅಂದರೆ ದೂಳು ತುಂಬಿದ ಗಾಳಿಯನ್ನು ಬಟ್ಟೆಯ ಚೀಲಗಳಲ್ಲಿ ಸೋಸುವ ಯಂತ್ರವನ್ನು, ಹಾಕಿಸಿದೆವು. ಒಂದು ಪೂರ್ತಿ ಹಂಗಾಮು, ಬೇಸಿಗೆ ಮತ್ತು ಮಳೆಗಾಲ ಮೂರನ್ನೂ ಅದು ದಾಟಿರುವುದರಿಂದ ಈಗ ಅದರ ಬಗ್ಗೆ ಬರೆಯಬಹುದು ಎನಿಸಿದೆ. ಈ ಬಗೆಯ ಯಂತ್ರವನ್ನು ಹಲವು ವರ್ಕ್‌ಶಾಪ್‌ಗಳು ಹೆಚ್ಚುಕಡಿಮೆ ಒಂದೇ ನಕ್ಷೆಯಲ್ಲಿ ಕಟ್ಟಿಕೊಡುತ್ತವೆ. ಆದ್ದರಿಂದ ನಮಗೆ ಮಾರಿದವರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತೀರ್ಪನ್ನು ಮೊದಲೇ ಹೇಳುವುದಾದರೆ, ಯಂತ್ರ ಒಳ್ಳೆಯದು. ಆದರೆ ಅದನ್ನು ಮಿಲ್ಲಿಗೆ ಜೋಡಿಸಿಕೊಟ್ಟ ಕೆಲಸ ಒಳ್ಳೆಯದಾಗಿರಲಿಲ್ಲ, ಮತ್ತು ದೂಳಿನ ವಿಷಯದಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯ.

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಆ ಬೇಳೆ ತಯಾರಾಗುವಾಗ ಏಳುವ ದೂಳಿನ ಬಗ್ಗೆ ಮಾತ್ರ ಮಿಲ್ಲಿನ ಹೊರಗಿನವರಿಗೆ ಹೆಚ್ಚು ತಿಳಿದಿಲ್ಲ. ತೊಗರಿಯನ್ನು ಜರಡಿಗೆ ಹಾಕಿ, ಎಮರಿ ರೋಲರಿಗೆ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸಿ, ಎಣ್ಣೆ ಸವರಿ, ನೀರು ಕೊಟ್ಟು, ಅಂಗಳದ ಬಿಸಿಲಿನಲ್ಲಿ ಒಣಗಿಸಿ, ಮತ್ತೆ ರೋಲರಿಗೆ ಕೊಟ್ಟು ಸುಲಿದು, ಒಡೆದು, ಗ್ರೇಡ್ ಮಾಡುವವರೆಗೆ ಪ್ರತಿ ಹಂತದಲ್ಲಿಯೂ ದೂಳು ಏಳುತ್ತದೆ, ಮತ್ತು ಪ್ರತಿ ಹಂತದ ದೂಳಿನ ಗುಣ ಬೇರೆ. ಜರಡಿಯಲ್ಲಿ ಬರುವುದು ಎರೆ ಹೊಲದ ಮಣ್ಣು. ರೋಲರಿನಲ್ಲಿ ಬರುವುದು ಸಿಪ್ಪೆಯ ಹಗುರ ಪುಡಿ, ಅದರೊಂದಿಗೆ ದನದ ಮೇವಿಗೆ ಮಾರಾಟವಾಗುವ ಚುನ್ನಿ. ಎಣ್ಣೆ ಕುಡಿದ ಕಾಳಿನ ಪುಡಿಯಾದರೋ ಬೆರಳಿಗೆ ಅಂಟುವಂಥದ್ದು. ಈ ಮೂರನ್ನೂ ಒಂದೇ ಯಂತ್ರಕ್ಕೆ ಒಪ್ಪಿಸುವಾಗ ಮಾರುವವರು ಕೇಳಬೇಕಾದ ಪ್ರಶ್ನೆಗಳು ಹಲವು ಇರುತ್ತವೆ. ನಮಗೆ ಮಾರಿದವರು ಕೇಳಿದ್ದು ಮೋಟರಿನ ಎಚ್.ಪಿ. ಎಷ್ಟಿರಲಿ ಎಂಬುದನ್ನು ಮಾತ್ರ.

ನಮ್ಮಲ್ಲಿ ಮೊದಲಿನಿಂದಲೂ ಸೈಕ್ಲೋನ್ ಇತ್ತು. ಗಾಳಿಯನ್ನು ಶಂಕುವಿನಾಕಾರದ ತಗಡಿನ ಡಬ್ಬಿಯಲ್ಲಿ ಸುಳಿಯಾಗಿ ತಿರುಗಿಸಿ, ಭಾರವಾದ ಕಣಗಳನ್ನು ಗೋಡೆಗೆ ಎಸೆದು ಕೆಳಗಿಳಿಸುವ ಈ ಸಾಧನಕ್ಕೆ ಅಮೆರಿಕದ ಜಾನ್ ಫಿಂಚ್ 1885ರಲ್ಲಿ ಪೇಟೆಂಟ್ ಪಡೆದರು. ತಿರುಗುವ ಭಾಗ ಒಂದೂ ಇಲ್ಲದಿರುವುದೇ ಅದರ ಹೆಚ್ಚುಗಾರಿಕೆ. ಸಿಪ್ಪೆಯನ್ನೂ ಚುನ್ನಿಯನ್ನೂ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಕಣದ ಗಾತ್ರ ಸುಮಾರು 10 ಮೈಕ್ರಾನಿಗಿಂತ ಕೆಳಗಿಳಿದಂತೆ ಸಾಮಾನ್ಯ ಸೈಕ್ಲೋನಿನ ಹಿಡಿತ ಬೇಗನೆ ಸಡಿಲವಾಗುತ್ತದೆ, ಮತ್ತು ಶ್ವಾಸಕೋಶದ ಆಳಕ್ಕೆ ಇಳಿಯುವುದು ಆ ಗಾತ್ರಕ್ಕಿಂತ ಸಣ್ಣ ದೂಳೇ. ಸೈಕ್ಲೋನಿನ ಮೇಲಿನ ಕೊಳವೆಯಿಂದ ಹೊರಟ ತಿಳಿ ಹಳದಿ ಪುಡಿ ನಮ್ಮ ಮಾಳಿಗೆಯ ಮೇಲೂ ಪಕ್ಕದ ಶೆಡ್ಡಿನ ಪತ್ರಾಸಿನ ಮೇಲೂ ಕೂರುತ್ತಿತ್ತು. ಅದಕ್ಕಾಗಿ ಸೈಕ್ಲೋನನ್ನು ತೆಗೆಯದೆ, ಅದರ ಮುಂದಕ್ಕೆ ಬ್ಯಾಗ್ ಫಿಲ್ಟರ್ ಜೋಡಿಸಿದೆವು. ಮಾರಾಟವಾಗುವ ಚುನ್ನಿ ಸೈಕ್ಲೋನಿನಲ್ಲಿಯೇ ಬೇರ್ಪಡುತ್ತದೆ, ಉಳಿದ ನುಣುಪು ದೂಳು ಮಾತ್ರ ಬ್ಯಾಗುಗಳಿಗೆ ಹೋಗುತ್ತದೆ. ಹಳೆಯ ಸೈಕ್ಲೋನನ್ನು ಗುಜರಿಗೆ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ.

ಯಂತ್ರದ ವಿವರ ಹೀಗಿದೆ. ಗಂಟೆಗೆ 6000 ಘನ ಮೀಟರ್ ಗಾಳಿ, 160 ಮಿ.ಮೀ. ವ್ಯಾಸ ಮತ್ತು 2.4 ಮೀಟರ್ ಉದ್ದದ 56 ಬ್ಯಾಗುಗಳು, ಗಾಳಿ ಎಳೆಯುವ 10 ಎಚ್.ಪಿ. ಬ್ಲೋವರ್. ಬ್ಯಾಗುಗಳ ಒಟ್ಟು ಬಟ್ಟೆ ಸುಮಾರು 67 ಚದರ ಮೀಟರ್ ಆಗುವುದರಿಂದ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ ಒಂದೂವರೆ ಘನ ಮೀಟರ್ ಗಾಳಿ ಹಾಯುತ್ತದೆ. ಧಾನ್ಯದ ದೂಳಿಗೆ ಇದು ಹದವಾದ ಪ್ರಮಾಣ. ಇದೇ ಗಾಳಿಗೆ 40 ಬ್ಯಾಗು ಸಾಕು ಎಂದು ಕಡಿಮೆ ದರ ಹೇಳಿದವರೂ ಇದ್ದರು. ಬಟ್ಟೆ ಕಡಿಮೆಯಾದಷ್ಟೂ ಗಾಳಿ ಜೋರಾಗಿ ನುಗ್ಗಿ ಪುಡಿಯನ್ನು ನೂಲಿನ ಒಳಕ್ಕೆ ತುರುಕುತ್ತದೆ. ಆಮೇಲೆ ಎಷ್ಟು ಝಾಡಿಸಿದರೂ ಅದು ಬಿಡುವುದಿಲ್ಲ. ಹಾಗಾಗಿ ಕೊಟೇಶನ್‌ಗಳನ್ನು ಹೋಲಿಸುವಾಗ ಎಚ್.ಪಿ.ಯನ್ನು ಬದಿಗಿಟ್ಟು ಮೊದಲು ಬಟ್ಟೆಯ ಚದರ ಮೀಟರ್ ಲೆಕ್ಕ ಹಾಕುವುದು ಲೇಸು.

ದೂಳು ತುಂಬಿದ ಗಾಳಿ ಬ್ಯಾಗಿನ ಹೊರಮೈಯಿಂದ ಒಳಕ್ಕೆ ಹಾಯುತ್ತದೆ, ಪುಡಿ ಹೊರಗೇ ನಿಲ್ಲುತ್ತದೆ. ಒಳಗಿನ ತಂತಿಯ ಪಂಜರ ಬ್ಯಾಗು ಮುದುಡದಂತೆ ತಡೆಯುತ್ತದೆ. ನಿಗದಿತ ಹೊತ್ತಿಗೊಮ್ಮೆ ಐದಾರು ಬಾರ್ ಒತ್ತಡದ ಗಾಳಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮೇಲಿನಿಂದ ಬ್ಯಾಗಿನೊಳಕ್ಕೆ ಬಡಿದು, ಅಂಟಿದ ಪುಡಿಯನ್ನು ಕೆಳಗಿನ ಹಾಪರಿಗೆ ಉದುರಿಸುತ್ತದೆ. ಬ್ಲೋವರನ್ನು ನಿಲ್ಲಿಸದೆಯೇ ಸಾಲು ಸಾಲಾಗಿ ಬ್ಯಾಗುಗಳನ್ನು ಝಾಡಿಸುವ ಈ ಉಪಾಯ 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ಈ ಕೆಲಸದಲ್ಲಿ ನಮ್ಮ ಯಂತ್ರಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಹೊರಹೋಗುವ ಚಿಮಣಿಯ ಬಾಯಿಗೆ ಬಿಳಿ ಬಟ್ಟೆ ಹಿಡಿದರೂ ಕಣ್ಣಿಗೆ ಕಾಣುವಷ್ಟು ಪುಡಿ ಹತ್ತುವುದಿಲ್ಲ. ಚೀಲ ಹೊರುವ ಹಿರಿಯ ಹಮಾಲರೊಬ್ಬರನ್ನು ಕೇಳಿದಾಗ, ‘ಸಂಜಿಮುಂದ ಕೆಮ್ಮು ಕಮ್ಮಿ ಆಗ್ಯಾದ್ರಿ, ಆದ್ರ ಆ ಫಟ್ ಫಟ್ ಸಪ್ಪಳಕ್ಕ ಮೊದಮೊದಲು ಬೆಚ್ಚಿ ಬೀಳ್ತಿದ್ವಿ’ ಎಂದರು. ಸಪ್ಪಳದ ದೂರು ನಿಜವಾದದ್ದೇ. ಆ ಒತ್ತಡದ ಗಾಳಿಯನ್ನು ಬಿಡುವ ವಾಲ್ವುಗಳಿಗೆ ಸೈಲೆನ್ಸರ್ ಕೊಟ್ಟಿಲ್ಲ.

ಇನ್ನು ಪೈಪಿನ ವಿಷಯ. ಹುಡ್ ಎಂದರೆ ದೂಳು ಏಳುವ ಜಾಗದಲ್ಲಿ ಅದನ್ನು ಬಾಚಿಕೊಳ್ಳುವ ತಗಡಿನ ಬಾಯಿ. ನಮಗೆ ಮಾರಿದವರು ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಬುಡದಲ್ಲಿ ಹುಡ್ ಕಟ್ಟುವ ಬದಲು ಬರಿಯ ಪೈಪಿನ ತುದಿಯನ್ನು ಒಂದು ಮೊಳ ದೂರದಲ್ಲಿ ನಿಲ್ಲಿಸಿ ಹೋಗಿದ್ದರು. ಗಾಳಿಯನ್ನು ಊದಿದರೆ ದೂರಕ್ಕೆ ಹೋಗುತ್ತದೆ, ಹೀರಿದರೆ ಹಾಗಲ್ಲ: ಪೈಪಿನ ಬಾಯಿಯಿಂದ ಅದರ ವ್ಯಾಸದಷ್ಟೇ ದೂರ ಹೋದರೆ ಗಾಳಿಯ ವೇಗ ಬಾಯಿಯಲ್ಲಿರುವುದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ಎಲಿವೇಟರಿನ ದೂಳು ಎಂದಿನಂತೆ ಶೆಡ್ಡಿನಲ್ಲೇ ತೇಲುತ್ತಿತ್ತು, ಅತ್ತ ಯಂತ್ರ ಶುದ್ಧ ಗಾಳಿಯನ್ನೇ ಮತ್ತೆ ಶುದ್ಧ ಮಾಡುತ್ತಿತ್ತು. ಇದರ ಜೊತೆಗೆ ಮುಖ್ಯ ಪೈಪಿಗೆ ಸೇರುವ ಕವಲುಗಳನ್ನೆಲ್ಲ ನೇರ ಲಂಬವಾಗಿ ಬೆಸೆದಿದ್ದರು. ದೂಳು ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಸೆಕೆಂಡಿಗೆ 18ರಿಂದ 20 ಮೀಟರ್ ವೇಗ ಬೇಕು; ಚೂಪಾದ ತಿರುವುಗಳಲ್ಲಿ ಎಳೆತ ವ್ಯರ್ಥವಾಗಿ ದೂರದ ಕವಲುಗಳಲ್ಲಿ ಆ ವೇಗ ಸಿಗದೆ, ಎರಡು ಕಡೆ ಪೈಪು ಕಟ್ಟಿಕೊಂಡಿತು.

ದೂರು ಕೊಟ್ಟಾಗ ಅವರು ಕಳಿಸಿದ ಮೆಕ್ಯಾನಿಕ್ ಸೂಚಿಸಿದ ಪರಿಹಾರವೆಂದರೆ ಪುಲ್ಲಿ ಬದಲಿಸಿ ಬ್ಲೋವರಿನ ವೇಗ ಹೆಚ್ಚಿಸುವುದು. ಇದನ್ನು ಯಾರೂ ಸುಲಭವಾಗಿ ಒಪ್ಪಬಾರದು. ಫ್ಯಾನಿನ ವೇಗ ಶೇ 10ರಷ್ಟು ಹೆಚ್ಚಿದರೆ ಗಾಳಿ ಹೆಚ್ಚುವುದೂ ಶೇ 10ರಷ್ಟೇ, ಆದರೆ ಅದು ಬೇಡುವ ವಿದ್ಯುತ್ ವೇಗದ ಘನದ ಲೆಕ್ಕದಲ್ಲಿ ಏರಿ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಮೋಟರು ಬಿಸಿಯಾಗುತ್ತದೆ, ಜೆಸ್ಕಾಂ ಬಿಲ್ಲೂ ಏರುತ್ತದೆ. ಕೊನೆಗೆ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ಬ್ಯಾಗ್ ಹೌಸಿನ (ದೊಡ್ಡ ಬ್ಯಾಗ್ ಫಿಲ್ಟರಿನ) ಕೆಲಸ ಮಾಡಿದ ಸ್ಥಳೀಯ ಫಿಟ್ಟರ್ ಒಬ್ಬರು ಬಂದು, ತಿರುವುಗಳನ್ನು ಅಗಲ ಬಳಸಿನವಾಗಿ ಬದಲಿಸಿ, ಕವಲುಗಳನ್ನು 30 ಡಿಗ್ರಿ ಓರೆಯಲ್ಲಿ ಸೇರಿಸಿ, ಎಲಿವೇಟರಿನ ಬುಡವನ್ನು ತಗಡಿನಿಂದ ಮುಚ್ಚಿ ಅದಕ್ಕೇ ಪೈಪು ಬೆಸೆದರು. ಮೋಟರು ಅದೇ, ಪುಲ್ಲಿಯೂ ಅದೇ. ಶೆಡ್ಡು ಮಾತ್ರ ತಿಳಿಯಾಯಿತು. ನಮ್ಮ ಭಾಗದಲ್ಲಿ ಇಂಥ ಕೈಗಳು ಇರುವಾಗ ಪೈಪಿನ ಕೆಲಸವನ್ನು ದೂರದ ವರ್ಕ್‌ಶಾಪಿಗೆ ಒಟ್ಟಿಗೆ ಗುತ್ತಿಗೆ ಕೊಡಬೇಕಾದ ಅಗತ್ಯ ಇಲ್ಲ.

ಬೇಸಿಗೆಯಲ್ಲಿ ಕಾಣದ ತೊಂದರೆ ಮಳೆಗಾಲದಲ್ಲಿ ಕಂಡಿತು. ಕಂಪ್ರೆಸರಿನ ಟ್ಯಾಂಕಿನಲ್ಲಿ ಕೂಡುವ ನೀರು ಒತ್ತಡದ ಗಾಳಿಯೊಂದಿಗೆ ಬ್ಯಾಗಿನೊಳಕ್ಕೆ ಚಿಮ್ಮಿ, ಹೊರಗಿನ ಪುಡಿ ಕೆಸರಾಗಿ ಒಣಗಿ ಪದರಗಟ್ಟಿತು. ಯಂತ್ರದ ಜೊತೆ ಆ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಕೊಡದೆ ಅದನ್ನು ಐಚ್ಛಿಕ ಎಂದು ಕೊಟೇಶನ್ನಿನ ಕೊನೆಯ ಸಾಲಿನಲ್ಲಿ ಬರೆದಿದ್ದರು. ಎಣ್ಣೆ ಸವರುವ ಮಿಲ್ಲಿಗೆ ಅದು ಐಚ್ಛಿಕವಲ್ಲ. ಡ್ರೈಯರ್ ಹಾಕಿಸಿ, ಟ್ಯಾಂಕಿನ ನೀರನ್ನು ದಿನವೂ ಬಿಡುವ ರೂಢಿ ಮಾಡಿ, ಹಾಳಾದ ಸಾಲಿಗೆ ಎಣ್ಣೆ ಮತ್ತು ನೀರು ಹತ್ತದಂತೆ ಸಂಸ್ಕರಿಸಿದ ಪಾಲಿಯೆಸ್ಟರ್ ಫೆಲ್ಟ್ ಬ್ಯಾಗುಗಳನ್ನು ಹಾಕಿದ ಮೇಲೆ, ಬ್ಯಾಗಿನ ಎರಡು ಬದಿಯ ಒತ್ತಡದ ಅಂತರ ತೋರಿಸುವ ಮಾಪಕ ಮತ್ತೆ 100ರಿಂದ 120 ಮಿ.ಮೀ. ನೀರಿನ ಮಟ್ಟಕ್ಕೆ ಇಳಿದು ನಿಂತಿದೆ. ಆ ಮಾಪಕವನ್ನು ಯಂತ್ರದ ನೆತ್ತಿಯ ಮೇಲೆ ಕೂರಿಸಿದ್ದು ಮಾತ್ರ ನನಗೆ ಅರ್ಥವಾಗದ ಸಂಗತಿ. ಏಣಿ ಹತ್ತಿ ಓದಬೇಕಾದ ಮಾಪಕವನ್ನು ಯಾರೂ ಓದುವುದಿಲ್ಲ. ನಾವು ಸಣ್ಣ ನಳಿಕೆ ಎಳೆದು ಅದನ್ನು ಆಪರೇಟರಿನ ಕಣ್ಣಿನ ಮಟ್ಟಕ್ಕೆ ತಂದೆವು.

ಸುರಕ್ಷತೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಗಾಳಿಯಲ್ಲಿ ದಟ್ಟವಾಗಿ ತೇಲುವ ಧಾನ್ಯದ ಪುಡಿ ಕಿಡಿ ತಾಗಿದರೆ ಸಿಡಿಯುತ್ತದೆ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಹಿಟ್ಟಿನ ಗಿರಣಿ ಹೀಗೆ ಸಿಡಿದು 18 ಜನ ಸತ್ತರು. ಬ್ಯಾಗ್ ಫಿಲ್ಟರ್ ಶೆಡ್ಡಿನ ಅಪಾಯವನ್ನು ತಗ್ಗಿಸಿದರೂ ಆ ಪುಡಿಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೂಡಿಸುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ಯಂತ್ರದಲ್ಲಿ ಸ್ಥಿರವಿದ್ಯುತ್ ನಿಲ್ಲದ ಬ್ಯಾಗುಗಳು, ಪಂಜರಗಳಿಗೆ ಅರ್ಥಿಂಗ್, ಸ್ಫೋಟದ ಒತ್ತಡ ಹೊರಹೋಗಲು ತೆಳು ತಗಡಿನ ಕಿಂಡಿ ಇವೆಲ್ಲ ಇದ್ದವು. ಇದಕ್ಕೆ ಮಾರಿದವರನ್ನು ಮೆಚ್ಚಬೇಕು. ಆದರೆ ಆ ಕಿಂಡಿ ಹಮಾಲರು ಚೀಲ ಹೊತ್ತು ಓಡಾಡುವ ದಾರಿಗೇ ಮುಖ ಮಾಡಿತ್ತು. ಹೇಳಿದ ಮೇಲೆ ಪೆಟ್ಟಿಗೆಯನ್ನು ಕಾಂಪೌಂಡ್ ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು.

ಎಂಟು ತಾಸಿನ ಪಾಳಿಗೆ ಬ್ಲೋವರ್ ಒಂದೇ ಸುಮಾರು 55 ಯೂನಿಟ್ ಎಳೆಯುತ್ತದೆ, ಕಂಪ್ರೆಸರ್ ಬೇರೆ. ಒಂದೇ ರೋಲರಿನ ಮಿನಿ ದಾಲ್ ಮಿಲ್ ನಡೆಸುವವರಿಗೆ ಈ ಖರ್ಚು ಹೊರೆಯೇ ಸರಿ. ಅವರು ಒಳ್ಳೆಯ ಹುಡ್ ಕಟ್ಟಿಸಿದ ಸೈಕ್ಲೋನಿನಿಂದ ಆರಂಭಿಸಿ, ಕೆಲಸಗಾರರಿಗೆ ಮುಖಗವಸು ಕೊಡುವುದು ಮೇಲು. ನಂದೂರು-ಕೆಸರಟಗಿ ಕಡೆಯ ಎರಡು ಮೂರು ರೋಲರಿನ ಮಿಲ್ಲುಗಳಿಗೆ ಮಾತ್ರ ಈ ಯಂತ್ರವನ್ನು ಧೈರ್ಯವಾಗಿ ಸೂಚಿಸುತ್ತೇನೆ. ಕೊಳ್ಳುವಾಗ ಡ್ರೈಯರನ್ನು ಬೆಲೆಯೊಳಗೇ ಸೇರಿಸಿಕೊಳ್ಳಿ, ಪ್ರತಿ ಹುಡ್ಡಿನಲ್ಲಿ ಗಾಳಿಯ ವೇಗ ಅಳೆದು ತೋರಿಸಿದ ಮೇಲೆಯೇ ಕೊನೆಯ ಕಂತು ಕೊಡುವುದಾಗಿ ಆರ್ಡರಿನಲ್ಲಿ ಬರೆಸಿ. ವಾಲ್ವಿನ ಡಯಾಫ್ರಮ್ ಮತ್ತು ಸೊಲೆನಾಯ್ಡ್ ಕಾಯಿಲ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ನಮಗೆ ಅವು ಊರಲ್ಲಿ ಸಿಗದೆ ಹೈದರಾಬಾದಿನಿಂದ ತರಿಸಬೇಕಾಯಿತು, ಅಷ್ಟರವರೆಗೆ ಒಂದು ಸಾಲು ಬ್ಯಾಗು ಝಾಡಿಸದೆಯೇ ನಿಂತಿತ್ತು.