ಆಂಪ್, ಲೈನ್ ಔಟ್, ನೇರ ಕೇಬಲ್: ಬೇಸ್ ರೆಕಾರ್ಡಿಂಗ್‌ಗೆ ನನ್ನ ಓಟು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೇರ ಕೇಬಲ್‌ಗೆ. ಬೇಸ್ ಗಿಟಾರ್‌ನಿಂದ ಆಡಿಯೋ ಇಂಟರ್‌ಫೇಸ್‌ಗೆ (ವಾದ್ಯದ ಸದ್ದನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಪೆಟ್ಟಿಗೆ) ಒಂದು ಕೇಬಲ್, ಅಲ್ಲಿಂದ ಲ್ಯಾಪ್‌ಟಾಪ್, ಅಷ್ಟೇ. ಇದು ಗೊತ್ತಾಗುವುದಕ್ಕೆ ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು, 16,000 ರೂಪಾಯಿಯೂ ಖರ್ಚಾಯಿತು.

ನಮ್ಮ ಮನೆ ವಿರಾಜಪೇಟೆ ಹತ್ತಿರ, ಕಾಫಿ ತೋಟದ ಒಳಗೆ. ಗೆಳೆಯರು ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಅಂತ ಒಂದು ಹಾಡು ಮಾಡುತ್ತಿದ್ದರು. ದುಡಿ (ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ), ತಾಳ, ಇಬ್ಬರ ದನಿ, ಅದರ ಕೆಳಗೆ ನನ್ನ ಬೇಸ್. ದುಡಿಯ ಹೊಡೆತದ ನಡುವೆಯೂ ಬೇಸ್‌ನ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಬೇಕಿತ್ತು. ಅದಕ್ಕೆಂದೇ ಮೈಸೂರಿನಿಂದ 40 ವ್ಯಾಟ್‌ನ ಸೆಕೆಂಡ್‌ಹ್ಯಾಂಡ್ ಬೇಸ್ ಆಂಪ್, ಅಂದರೆ ಬೇಸ್‌ನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ, ತಂದೆ.

ಆಂಪ್ ಮುಂದೆ ಮೈಕ್ ಇಟ್ಟರೆ ಎದೆಗೆ ತಟ್ಟುವ ಆ ದಪ್ಪ ಸದ್ದು ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಕ್ಕಡದ (ನಮ್ಮ ಕಡೆಯ ಜಡಿಮಳೆ ತಿಂಗಳು) ಮಳೆ ಶೀಟಿನ ಮಾಡಿನ ಮೇಲೆ ಸುರಿಯುವಾಗ ಮೈಕ್‌ಗೆ ಮಳೆಯೇ ಮೊದಲು ಕೇಳುತ್ತದೆ. ಅದನ್ನು ಮೀರಿಸಲು ಜೋರು ಮಾಡಿದರೆ ಕಪಾಟಿನ ಗಾಜು ನಡುಗುತ್ತದೆ. ಚಿಕ್ಕ ಕೋಣೆ ಬೇರೆ, ಒಂದು ಸ್ವರ ಗುಡುಗಿದರೆ ಅದರ ಪಕ್ಕದ್ದು ಕೇಳಿಸುವುದೇ ಇಲ್ಲ. ಮಕ್ಕಳು ಮಲಗಿದ ಮೇಲೆ ನುಡಿಸುವ ನನಗೆ ಇದು ಆಗದ ಮಾತು.

ಎರಡನೇ ದಾರಿ, ಆಂಪ್‌ನ ಹಿಂದಿರುವ, ಸದ್ದನ್ನು ಕೇಬಲ್‌ಗೆ ಕೊಡುವ ಲೈನ್ ಔಟ್‌ ಕಿಂಡಿಯಿಂದ ಇಂಟರ್‌ಫೇಸ್‌ಗೆ ಕೊಡುವುದು. ಮಳೆ ಸದ್ದಿನ ಕಾಟ ಇಲ್ಲ. ಖುಷಿಯಾಗಿ ಹೆಡ್‌ಫೋನ್ ಹಾಕಿಕೊಂಡೆ. ಗುಂಯ್ ಅಂತ ಒಂದೇ ಸಮನೆ ಸದ್ದು.

ಈ ಗುಂಯ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ, ಈ ಗುಂಯ್ ಅದರದೇ. ಬೇಸ್‌ನ ದಪ್ಪ ಇ ತಂತಿ ಸುಮಾರು 41 ಹರ್ಟ್ಸ್. ಅದರ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ 49 ಹರ್ಟ್ಸ್. ನಮ್ಮ ಹಾಡಿನ ಶ್ರುತಿಯೇ ಜಿ! ಪ್ರತಿ ಸಾಲಿನ ಕೊನೆಯಲ್ಲಿ ಆ ಸ್ವರವನ್ನು ಹಿಡಿದು ನಿಲ್ಲಿಸಿದಾಗ 49ಕ್ಕೂ 50ಕ್ಕೂ ತಿಕ್ಕಾಟ ಶುರುವಾಗುತ್ತಿತ್ತು. ಸೆಕೆಂಡಿಗೊಮ್ಮೆ ಸ್ವರ ಉಬ್ಬುವುದು, ಇಳಿಯುವುದು, ಮತ್ತೆ ಉಬ್ಬುವುದು. ನನ್ನ ಬೆರಳಿನದೇ ತಪ್ಪು ಅಂದುಕೊಂಡು ಎರಡು ರಾತ್ರಿ ಅದೊಂದೇ ಸ್ವರ ಅಭ್ಯಾಸ ಮಾಡಿದೆ. ಆಮೇಲೆ ಈಕ್ಯೂನಲ್ಲಿ (ಬೇಕಾದ ಹರ್ಟ್ಸ್‌ನ ಸದ್ದನ್ನಷ್ಟೇ ಏರಿಸಿ ಇಳಿಸುವ ಸಾಧನ) 50 ಹರ್ಟ್ಸ್ ಕತ್ತರಿಸಿ ನೋಡಿದೆ. ಜಿ ಸ್ವರದ ಬುಡವೇ ಹೋಯಿತು. 100, 150ರಲ್ಲಿರುವ ಗುಂಯ್‌ನ ಮರಿಗಳು ಮಾತ್ರ ಹಾಗೇ ಉಳಿದವು.

ಕೇಬಲ್ ಬದಲಿಸಿದೆ, ಏನೂ ಆಗಲಿಲ್ಲ. ಕಾರಣ ಗೋಡೆಯಲ್ಲಿತ್ತು. ಆಂಪ್ ಒಂದು ಪ್ಲಗ್‌ನಲ್ಲಿ, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದರಲ್ಲಿ. ಎರಡೂ ಬೇರೆ ಬೇರೆ ದಾರಿಯಲ್ಲಿ ಅರ್ಥ್ ಸೇರುತ್ತವೆ, ಆಡಿಯೋ ಕೇಬಲ್‌ನಲ್ಲಿ ಮತ್ತೆ ಕೂಡುತ್ತವೆ. ಆ ಸುತ್ತಿಗೇ ಗ್ರೌಂಡ್ ಲೂಪ್ ಅನ್ನುವುದು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದಾಗ ಸದ್ದು ಅರ್ಧ ಇಳಿಯಿತು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ಪೂರ್ತಿ ನಿಂತಿತು.

ಆಂಪ್‌ನ ಅರ್ಥ್ ಪಿನ್ ಕಿತ್ತುಬಿಡಿ ಅಂತ ಪರಿಚಯದವರೊಬ್ಬರು ಹೇಳಿದ್ದರು. ವೈರಿಂಗ್ ನೋಡಲು ಬಂದಿದ್ದ ಹುಡುಗ ತಡೆದ. "ಅಣ್ಣಾ, ಆ ಕೆಲ್ಸ ಮಾತ್ರ ಮಾಡ್ಬೇಡಿ. ತಂತಿಗೇ ಕರೆಂಟ್ ಬಂದ್ರೆ?" ಅವನು ಹೇಳಿದ್ದು ಸರಿ. ಬೇಸ್‌ನ ತಂತಿಗಳು ಬ್ರಿಜ್ ಮೂಲಕ ಅದೇ ಗ್ರೌಂಡ್‌ಗೆ ಸೇರಿರುತ್ತವೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನುಡಿಸುವ ನಮ್ಮಂಥವರು ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಗ್ರೌಂಡ್ ಲಿಫ್ಟ್ (ಆಡಿಯೋ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್, ಅಂದರೆ ಕೇಬಲ್‌ನ ನಡುವೆ ಇಡುವ ಚಿಕ್ಕ ಪೆಟ್ಟಿಗೆ, ಎರವಲು ತಂದು ನೋಡಿದೆ, ಅದೂ ಗುಂಯ್ ನಿಲ್ಲಿಸಿತು. ಸ್ಟೇಜ್‌ನಲ್ಲಿ ನುಡಿಸುವವರಿಗೆ ಅದು ಬೇಕೇ ಬೇಕು.

ಇನ್ನು ನೇರ ಕೇಬಲ್. ಆಂಪ್ ತೆಗೆದೆ, ಲೂಪ್ ಕೂಡ ಹೋಯಿತು. 1960ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಬೇಸ್ ಕೂಡ ನೇರ ರೆಕಾರ್ಡಿಂಗ್ ಕನ್ಸೋಲ್‌ಗೇ ಹೋಗುತ್ತಿತ್ತು, ಗೊತ್ತಲ್ವಾ? ಇಂಟರ್‌ಫೇಸ್‌ನಲ್ಲಿ 'ಇನ್‌ಸ್ಟ್' (ಇನ್‌ಸ್ಟ್ರುಮೆಂಟ್, ಅಂದರೆ ವಾದ್ಯ) ಬಟನ್ ಒತ್ತಲೇಬೇಕು. ಲೈನ್‌ನಲ್ಲೇ ಬಿಟ್ಟರೆ ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ) ಬೇಸ್ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳುತ್ತದೆ. ನನ್ನದು ಜಾಝ್ ಬೇಸ್ ಮಾದರಿ, ತಂತಿಯ ಕಂಪನ ಹಿಡಿಯುವ ಪಿಕಪ್ ಎರಡಿರುವುದು. ಎರಡೂ ವಾಲ್ಯೂಮ್ ಪೂರ್ತಿ ತೆರೆದಿಟ್ಟರೆ ಒಂದರ ಗುಂಯ್ ಇನ್ನೊಂದು ಅಳಿಸುತ್ತದೆ, ಒಂದನ್ನು ಇಳಿಸಿದರೆ ಸದ್ದು ಮೆಲ್ಲಗೆ ತಲೆ ಎತ್ತುತ್ತದೆ. ಇಂಟರ್‌ಫೇಸ್‌ನ ಗೇನ್ (ಒಳಬರುವ ಸದ್ದಿನ ಮಟ್ಟ) ಆಸೆಪಟ್ಟು ಏರಿಸಬೇಡಿ. ಎಷ್ಟೇ ಜೋರಾಗಿ ಮೀಟಿದರೂ ಮೀಟರ್ ಮೈನಸ್ 10 ಡೆಸಿಬೆಲ್ ದಾಟದಿದ್ದರೆ ಚೆನ್ನ, 24 ಬಿಟ್‌ ರೆಕಾರ್ಡಿಂಗ್‌ನಲ್ಲಿ ಅಷ್ಟು ಸಾಕು.

ಆಮೇಲೆ ಸಾಫ್ಟ್‌ವೇರ್‌ನಲ್ಲಿ 30 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದೆ. 250ರ ಹತ್ತಿರ 3 ಡೆಸಿಬೆಲ್ ಇಳಿಸಿದೆ, ದುಡಿಗೆ ಜಾಗ ಸಿಕ್ಕಿತು. 800ರ ಹತ್ತಿರ 2 ಏರಿಸಿದೆ, ಬೆರಳಿನ ಗುರುತು ಬಂತು. ಜೋರಾದ ಸ್ವರ ತಗ್ಗಿಸಿ ಸಮ ಮಾಡುವ ಕಂಪ್ರೆಸರ್ 4:1, ಅದು ಹಿಡಿಯಲು ತೆಗೆದುಕೊಳ್ಳುವ ಸಮಯ, ಅಂದರೆ ಅಟ್ಯಾಕ್, 30 ಮಿಲಿಸೆಕೆಂಡ್. ಅದಕ್ಕಿಂತ ಬೇಗ ಹಿಡಿದರೆ ಸ್ವರದ ಮೊದಲ ಪೆಟ್ಟೇ ಸಾಯುತ್ತದೆ.

ನೇರ ಕೇಬಲ್‌ಗೂ ಒಂದು ಕೊರತೆ ಇದೆ. ಅದು ಏನನ್ನೂ ಮುಚ್ಚಿಡುವುದಿಲ್ಲ. ಥಂಡಿಗೆ ನನ್ನ ಬೇಸ್‌ನ ನೆಕ್ ಬಾಗಿ ಎರಡನೇ ಫ್ರೆಟ್ ಕಿರಗುಟ್ಟುತ್ತಿತ್ತು, ಆಂಪ್‌ನಲ್ಲಿ ಅದು ಗೊತ್ತೇ ಆಗಿರಲಿಲ್ಲ. ನೆಕ್ ಒಳಗಿನ ಟ್ರಸ್ ರಾಡ್ (ಬಾಗು ಸರಿಪಡಿಸುವ ಕಂಬಿ) ಕಾಲು ಸುತ್ತು ತಿರುಗಿಸಿದ ಮೇಲೆ ಸರಿಹೋಯಿತು.

ಕಲ್ಲಿನ ಗೋಡೆಯ ದೊಡ್ಡ ಕೋಣೆ ಇದ್ದು, ಫೆಬ್ರವರಿಯಲ್ಲಿ ಹಗಲು ಹೊತ್ತು ರೆಕಾರ್ಡ್ ಮಾಡುವವರು ಮೈಕ್ ಇಡಿ, ನಾನು ಬೇಡ ಅನ್ನುವುದಿಲ್ಲ. ನನಗಿರುವುದು ರಾತ್ರಿ ಎರಡು ಗಂಟೆಯ ಬಿಡುವು, ಫುಲ್ ಚಾರ್ಜ್ ಆದ ಲ್ಯಾಪ್‌ಟಾಪ್. ಆಂಪನ್ನು ಗೋಣಿಕೊಪ್ಪದ ಹುಡುಗನಿಗೆ 12,000ಕ್ಕೆ ಕೊಟ್ಟೆ. ಆ ದುಡ್ಡಿನಲ್ಲಿ ಮೊದಲು ತರುವುದು ಒಂದು ಸೆಟ್ ಫ್ಲಾಟ್‌ವೂಂಡ್ (ನುಣುಪು ಮೈಯ) ತಂತಿ.