ಎಕ್ಸಾಂಪ್ ಮೇಲೆ ಎಪಿಸಿಯು: ಸರಿಯಾದ ಡಿಎಲ್ಎಲ್ ಸಿಕ್ಕರೆ ಸಾಕು

ನಮ್ಮ ಕಾಲೇಜು ಲೈಬ್ರರಿಯ ಹಳೆ ವಿಂಡೋಸ್ ಪಿಸಿಯಲ್ಲಿ ಎಕ್ಸಾಂಪ್ (ಅಪಾಚೆ ವೆಬ್ ಸರ್ವರ್, ಪಿಎಚ್‌ಪಿ ಭಾಷೆ, ಡೇಟಾಬೇಸ್ ಒಟ್ಟಿಗೆ ಸಿಗುವ ಕಟ್ಟು) ಹಾಕಿ, ಅದರ ಮೇಲೆ ವಿಕಿ ನಡೆಸುವ ತಂತ್ರಾಂಶವಾದ ಮೀಡಿಯಾವಿಕಿ ಓಡಿಸುತ್ತಿದ್ದೇವೆ. ಊರಿನ ಕೆರೆ, ಶಾಸನ, ಜಾತ್ರೆಗಳ ಬಗ್ಗೆ ವಿದ್ಯಾರ್ಥಿಗಳು ಬರೆದ ಪುಟಗಳೆಲ್ಲ ಅದರಲ್ಲಿವೆ. ಲ್ಯಾಬಿನ ಮಕ್ಕಳೆಲ್ಲ ಒಟ್ಟಿಗೆ ತೆರೆದರೆ ಪುಟ ಬರುವುದು ನಿಧಾನವಾಗುತ್ತಿತ್ತು. ಎಪಿಸಿಯು ಎಂಬ ಪಿಎಚ್‌ಪಿಯ ಕ್ಯಾಶ್ ಎಕ್ಸ್‌ಟೆನ್ಷನ್ ಹಾಕಿದ ಮೇಲೆ ಕಣ್ಣಿಗೆ ಕಾಣುವಷ್ಟು ಚುರುಕಾಗಿದೆ. ಪುಕ್ಕಟೆ ಸಿಗುವ ಇಷ್ಟು ಸಣ್ಣ ಕಡತದಿಂದ ಇಷ್ಟು ಉಪಯೋಗ ಆಗುವುದು ನನಗೆ ನಿಜವಾಗಿ ಸಂತೋಷ ಕೊಟ್ಟಿದೆ.

ಡೇಟಾಬೇಸಿನಿಂದ ತಂದದ್ದನ್ನು, ಲೆಕ್ಕ ಹಾಕಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಮತ್ತೆ ಕೇಳಿದಾಗ ಕೊಡುವುದು ಇದರ ಕೆಲಸ. ಕಂಪೈಲ್ ಆದ ಕೋಡನ್ನು ಇಟ್ಟುಕೊಳ್ಳುವುದು ಒಪಿಕ್ಯಾಶ್; ಅದು ಪಿಎಚ್‌ಪಿ 5.5ರಿಂದ ಜೊತೆಗೇ ಬರುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ, ಎರಡೂ ಇರಲಿ.

ತೊಂದರೆ ಇರುವುದೆಲ್ಲ ಜೋಡಿಸುವ ಹಂತದಲ್ಲಿ. ಎಪಿಸಿಯು ಎಕ್ಸಾಂಪ್ ಜೊತೆ ಬರುವುದಿಲ್ಲ, ಪಿಎಚ್‌ಪಿ ಎಕ್ಸ್‌ಟೆನ್ಷನ್‌ಗಳ ಭಂಡಾರವಾದ ಪೆಕ್ಲ್‌ನಿಂದ ಅದರ ಡಿಎಲ್ಎಲ್ (ವಿಂಡೋಸಿಗೆ ಕಂಪೈಲ್ ಆದ ಕಡತ) ತರಬೇಕು. ಅಲ್ಲಿ ಒಂದೇ ಆವೃತ್ತಿಗೆ ಟಿಎಸ್ (ಥ್ರೆಡ್ ಸೇಫ್), ಎನ್‌ಟಿಎಸ್ (ನಾನ್ ಥ್ರೆಡ್ ಸೇಫ್), 32 ಬಿಟ್, 64 ಬಿಟ್ ಎಂದು ಹಲವು ಜಿಪ್‌ಗಳು. ಡೌನ್‌ಲೋಡ್‌ಗೆ ಮುಂಚೆ ಪಿಎಚ್‌ಪಿಇನ್ಫೋ (ಪಿಎಚ್‌ಪಿಯ ವಿವರ ತೋರಿಸುವ) ಪುಟ ತೆರೆದು ಪಿಎಚ್‌ಪಿ ಆವೃತ್ತಿ, ಆರ್ಕಿಟೆಕ್ಚರ್, ಥ್ರೆಡ್ ಸೇಫ್ಟಿ, ಈ ಮೂರನ್ನು ನೋಡಿಕೊಳ್ಳಿ. ಎಕ್ಸಾಂಪ್‌ನಲ್ಲಿ ಪಿಎಚ್‌ಪಿ ಅಪಾಚೆಯ ಒಳಗೇ ಮಾಡ್ಯೂಲ್ ಆಗಿ ಓಡುವುದರಿಂದ ಟಿಎಸ್ ಬೇಕು. ನಮ್ಮ ಪಿಎಚ್‌ಪಿ 8.2, ಅದಕ್ಕೆ ವಿಎಸ್16 (ಕಂಪೈಲರ್ ಆವೃತ್ತಿ), ಎಕ್ಸ್64 (64 ಬಿಟ್) ಇರುವ ಜಿಪ್ ಹೊಂದಿತು. ಬೇರೆ ಆವೃತ್ತಿಯದನ್ನು ಹಾಕಿದರೆ ಅಪಾಚೆ ಏಳುತ್ತದೆ, ಎಕ್ಸ್‌ಟೆನ್ಷನ್ ಮಾತ್ರ ಏಳುವುದಿಲ್ಲ. ಆಗ ಎರರ್ ಲಾಗ್‌ನಲ್ಲಿ ಎರಡು ಮಾಡ್ಯೂಲ್ ಎಪಿಐ ಸಂಖ್ಯೆಗಳು (ಡಿಎಲ್ಎಲ್‌ದು ಒಂದು, ಪಿಎಚ್‌ಪಿಯದು ಒಂದು) ಹೊಂದುತ್ತಿಲ್ಲ ಎಂಬ ಸಾಲು ಇರುತ್ತದೆ. 20190902 ಅಂದರೆ 7.4, 20200930 ಅಂದರೆ 8.0, 20220829 ಅಂದರೆ 8.2. ಈ ಸಂಖ್ಯೆ ಓದಲು ಬಂದರೆ ಗೂಗಲ್ ಮಾಡುವ ಅಗತ್ಯವೇ ಇಲ್ಲ.

ಡಿಎಲ್ಎಲ್ ಅನ್ನು ಎಕ್ಸ್‌ಟಿ ಫೋಲ್ಡರಿಗೆ ಹಾಕಿ, ಸೆಟ್ಟಿಂಗ್ ಕಡತವಾದ ಪಿಎಚ್‌ಪಿ.ಐಎನ್‌ಐನಲ್ಲಿ ಒಂದು ಎಕ್ಸ್‌ಟೆನ್ಷನ್ ಸಾಲು ಸೇರಿಸಿ, ಅಪಾಚೆ ನಿಲ್ಲಿಸಿ ಮತ್ತೆ ಶುರು ಮಾಡಿ. ಬ್ರೌಸರ್ ರಿಫ್ರೆಶ್ ಮಾಡಿದರೆ ಸಾಲದು.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಪರೀಕ್ಷಿಸಿ "ಕೆಲಸವೇ ಮಾಡುತ್ತಿಲ್ಲ ಮೇಡಂ" ಎಂದು ವಿದ್ಯಾರ್ಥಿಗಳು ಓಡಿಬರುತ್ತಾರೆ. ಸಿಎಲ್‌ಐನಲ್ಲಿ (ಕಮಾಂಡ್ ಪ್ರಾಂಪ್ಟ್‌ನಿಂದ ಓಡಿಸುವ ಪಿಎಚ್‌ಪಿ) ಎಪಿಸಿಯು ಮೊದಲಿಂದಲೇ ಆಫ್ ಇರುತ್ತದೆ. ಆನ್ ಮಾಡಿದರೂ ಅದರ ಮೆಮೊರಿ ಬೇರೆ, ಅಪಾಚೆಯದು ಬೇರೆ. ಅಲ್ಲಿಂದ ಕ್ಯಾಶ್ ಖಾಲಿ ಮಾಡಿದರೆ ವಿಕಿಯ ಹಳೆ ಪುಟ ಅಲ್ಲಾಡುವುದೂ ಇಲ್ಲ. ಪರೀಕ್ಷೆ ಏನಿದ್ದರೂ ಬ್ರೌಸರಿನಿಂದ ಮಾಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಎಪಿಸಿಯುಗೆ ಮೊದಲಿಂದ ಸಿಗುವ ಜಾಗ (ಎಸ್‌ಎಚ್‌ಎಂ ಸೈಜ್) 32 ಎಂಬಿ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. "ಕ್ಷ" ಒಂದೇ ಒಂಬತ್ತು ಬೈಟ್ ತಿನ್ನುತ್ತದೆ. ಹಾಗಾಗಿ ಜಾಗ ಬೇಗ ತುಂಬುತ್ತದೆ. ಟಿಟಿಎಲ್ (ಕ್ಯಾಶ್‌ನಲ್ಲಿ ಇಟ್ಟದ್ದರ ಆಯುಷ್ಯ) ಸೊನ್ನೆಯಲ್ಲೇ ಇದ್ದರೆ, ತುಂಬಿದಾಗ ಕ್ಯಾಶ್ ಪೂರ್ತಿ ಅಳಿಸಿಹೋಗಿ ಎಲ್ಲ ಮೊದಲಿಂದ ಶುರುವಾಗುತ್ತದೆ. ಎಪಿಸಿಯು ಜೊತೆಗೇ ಇರುವ ಎಪಿಸಿ.ಪಿಎಚ್‌ಪಿ ಪುಟದಲ್ಲಿ ಇದೆಲ್ಲ ಚಿತ್ರ ಸಮೇತ ಕಾಣುತ್ತದೆ, ನನಗೆ ಬಹಳ ಇಷ್ಟವಾದ ಭಾಗ ಅದು. ಅದನ್ನು ನೋಡಿಯೇ ನಾನು ಎಸ್‌ಎಚ್‌ಎಂ ಸೈಜ್ 128 ಎಂಬಿಗೆ ಏರಿಸಿದ್ದು. ಪಿಸಿಯಲ್ಲಿ ರ‍್ಯಾಮ್ ಇದ್ದರೆ ನೀವೂ ಏರಿಸಿ, ಆ ಪುಟದ ಪಾಸ್‌ವರ್ಡನ್ನೂ ಬದಲಾಯಿಸಿಕೊಳ್ಳಿ.